ಹಳೆಯ ಅಂಬಾಸಿಡರ್‌ಗೆ ಎರಡನೇ ಬ್ಯಾಟರಿ ಕೂರಿಸುವುದು ಹೇಗೆ?

ಮೊದಲು ಬಾನೆಟ್ ಎತ್ತಿ, ಇಂಜಿನ್ ಓಡುವಾಗ ಬ್ಯಾಟರಿ ಚಾರ್ಜ್ ಮಾಡೋದು ಯಾವುದು ನೋಡಿ: ಹಳೇ ಕಾಲದ ಡೈನಮೋನಾ, ಹೆಚ್ಚು ಕರೆಂಟ್ ಕೊಡುವ ಆಲ್ಟರ್ನೇಟರಾ? ಡೈನಮೋ ಆದರೆ ಆಸೆ ಬಿಡಿ ಮಾರಾಯ್ರೆ. ಅದು ಕೊಡೋದೇ ಸುಮಾರು 20 ಆಂಪಿಯರ್. ಆಗುಂಬೆ ಮಳೆಯಲ್ಲಿ ಹೆಡ್‌ಲೈಟು, ವೈಪರಿಗೇ ಅದರ ಬಹುಪಾಲು ಹೋಗುತ್ತೆ.

ಆಲ್ಟರ್ನೇಟರ್ ಇದ್ದರೆ ಎರಡೂ ಬ್ಯಾಟರಿಗಳ ಪಾಸಿಟಿವ್ ನಡುವೆ ವೋಲ್ಟೇಜ್ ನೋಡಿ ತಾನೇ ಆನ್-ಆಫ್ ಆಗುವ ಸ್ವಿಚ್, ಅಂದರೆ ರಿಲೇ ಹಾಕಿ. ಇಂಜಿನ್ ಓಡಿ ವೋಲ್ಟೇಜ್ ಏರಿದಾಗ, ಸಾಮಾನ್ಯವಾಗಿ 13.3 ವೋಲ್ಟ್ ಆಸುಪಾಸಿನಲ್ಲಿ ಎರಡನ್ನೂ ಕೂಡಿಸಿ, ಇಂಜಿನ್ ನಿಂತು 12.8ಕ್ಕೆ ಇಳಿದಾಗ ಬಿಡಿಸುತ್ತೆ. ರಾತ್ರಿಯಿಡೀ ಎರಡನೆಯದರಲ್ಲಿ ಫ್ಯಾನ್ ಓಡಿದರೂ ಬೆಳಿಗ್ಗೆ ಸೆಲ್ಫ್ ಹೊಡೆಯುತ್ತೆ.

ಫ್ಯೂಸ್ ಎರಡು ಬೇಕು, ಒಂದೊಂದು ಬ್ಯಾಟರಿಯ ಪಕ್ಕದಲ್ಲೇ. ನಡುವಿನ ವೈರ್ ಗಾಡಿಯ ಕಬ್ಬಿಣದ ಮೈಗೆ ತಾಗಿದರೆ ಕರೆಂಟ್ ಎರಡೂ ಕಡೆಯಿಂದ ನುಗ್ಗುತ್ತೆ.

ನನ್ನ ಗಾಡಿಯಲ್ಲಿ ಎಲ್ಲ ಸರಿಯಿದ್ದೂ ಚಾರ್ಜ್ ಏರುತ್ತಿರಲಿಲ್ಲ. ಬ್ಯಾಟರಿಯ ನೆಗೆಟಿವ್ ವೈರನ್ನು ಗಾಡಿಯ ಮೈಗೆ ಕೂಡಿಸುವ ಅರ್ಥ್ ಬೋಲ್ಟ್ ಬಿಚ್ಚಿದರೆ ಅಡಿಯಲ್ಲಿ ಕೆಮ್ಮಣ್ಣಿನಂಥ ತುಕ್ಕು! ಹೊಳೆಯುವ ತನಕ ಉಜ್ಜಿ, ಬಿಗಿದು, ಮೇಲೆ ಗ್ರೀಸ್ ಬಳಿದೆ.