ಮೊಟ್ಟೆಯೂ ಇಲ್ಲ, ಮೈದಾವೂ ಇಲ್ಲ: ಕುಟ್ಟು ಹಿಟ್ಟಿನ ಚಾಕೊಲೇಟ್ ಕೇಕ್ ಕುಸಿಯುವುದೇಕೆ?

ಪ್ರಶ್ನೆ: ನನ್ನ ಒಂಬತ್ತು ವರ್ಷದ ಮಗಳಿಗೆ ಸೀಲಿಯಾಕ್, ಅಂದರೆ ಗೋಧಿಯಲ್ಲಿರುವ ಗ್ಲುಟೆನ್ ಒಗ್ಗದ ಕಾಯಿಲೆ ಇರುವುದು ಕಳೆದ ವರ್ಷ ಗೊತ್ತಾಯಿತು. ಗೋಧಿ, ಮೈದಾ, ರವೆ ಎಲ್ಲವನ್ನೂ ಬಿಟ್ಟಿದ್ದೇವೆ. ಅವಳ ಹುಟ್ಟುಹಬ್ಬಕ್ಕೆಂದು ಹುಬ್ಬಳ್ಳಿಯಿಂದ ಕುಟ್ಟು ಹಿಟ್ಟು, ಅಂದರೆ ಬಕ್‌ವೀಟ್ ಹಿಟ್ಟು ತರಿಸಿ, ಮೊದಲಿನಿಂದ ಮಾಡುತ್ತಿದ್ದ ಮೈದಾ ಕೇಕಿನ ಅಳತೆಯಲ್ಲೇ ಚಾಕೊಲೇಟ್ ಕೇಕ್ ಮಾಡಿದೆ. ನಮ್ಮ ಮನೆಯಲ್ಲಿ ಮೊಟ್ಟೆ ತರುವುದಿಲ್ಲ. ಮೊಸರು ಮತ್ತು ಒಂದು ಚಮಚ ಅಡುಗೆ ಸೋಡಾ ಹಾಕುತ್ತೇನೆ. ಕೇಕ್ ನಡುವೆ ಕುಸಿಯಿತು, ಕತ್ತರಿಸಿದರೆ ಪುಡಿಪುಡಿಯಾಯಿತು, ಬಾಯಲ್ಲಿ ಕಹಿ ಉಳಿಯಿತು. ಎಲ್ಲಿ ತಪ್ಪಿದೆ?
– ಓದುಗರು, ಶಿರಸಿ

ಉತ್ತರ: ನಿಮ್ಮ ಕೈಯಲ್ಲೂ ದೋಷವಿಲ್ಲ, ಹಿಟ್ಟಿನಲ್ಲೂ ಇಲ್ಲ, ಮೈದಾದ ಅಳತೆಯನ್ನು ಕುಟ್ಟು ಹಿಟ್ಟಿಗೆ ಹಾಗೆಯೇ ಹಚ್ಚಿದ್ದರಿಂದ ಹೀಗಾಗಿದೆ. ಮೈದಾಕ್ಕೆ ನೀರು ಸೇರಿಸಿ ಕಲಸಿದಾಗ ಅದರ ಪ್ರೋಟೀನುಗಳು ಗ್ಲುಟೆನ್ ಜಾಲವಾಗಿ ಹೆಣೆದುಕೊಂಡು, ಸೋಡಾದಿಂದ ಹುಟ್ಟುವ ಅನಿಲವನ್ನು ಹಿಡಿದಿಟ್ಟುಕೊಳ್ಳುತ್ತವೆ. ಕುಟ್ಟು ಗೋಧಿಯಂತೆ ಹುಲ್ಲಿನ ಜಾತಿಯ ಧಾನ್ಯವಲ್ಲವಾದ್ದರಿಂದ ಅದರಲ್ಲಿ ಗ್ಲುಟೆನ್ ಇಲ್ಲ. ನಿಮ್ಮ ಮಗಳಿಗೆ ಅದು ಒಗ್ಗುವುದು ಈ ಕಾರಣಕ್ಕೇ. ಮೊಟ್ಟೆ ಇದ್ದಿದ್ದರೆ ಆ ಕೆಲಸದಲ್ಲಿ ಒಂದು ಪಾಲನ್ನಾದರೂ ಅದು ನಿರ್ವಹಿಸುತ್ತಿತ್ತು. ಎರಡೂ ಇಲ್ಲದೆಡೆ ಒಂದು ಚಮಚ ಸೋಡಾ ಹಾಕಿದರೆ ಅನಿಲವೇನೋ ಬೇಕಾದಷ್ಟು ಹುಟ್ಟುತ್ತದೆ, ಆದರೆ ಅದನ್ನು ಹಿಡಿಯುವವರಿಲ್ಲದೆ ಉಬ್ಬಿದ ಕೇಕ್ ಕುಸಿಯುತ್ತದೆ. ಮೊಸರಿನ ಹುಳಿಗೆ ಸಿಗದೆ ಮಿಕ್ಕ ಸೋಡಾ ಸಾಬೂನಿನಂಥ ಕಹಿಯಾಗಿ ಉಳಿಯುತ್ತದೆ, ಜೊತೆಗೆ ಕುಟ್ಟು ಹಿಟ್ಟಿಗೂ ತನ್ನದೇ ಆದ ಸಣ್ಣ ಒಗರು ಇದೆ.

ಅಳತೆಯ ಮಾತಿಗೆ ಮೊದಲು ಹಿಟ್ಟಿನ ಶುದ್ಧತೆಯನ್ನು ಹೇಳಲೇಬೇಕು, ಏಕೆಂದರೆ ಕುಸಿದ ಕೇಕಿನಿಂದ ಮಗುವಿಗೆ ಅಪಾಯವಿಲ್ಲ, ಗೋಧಿ ಬೆರೆತ ಕೇಕಿನಿಂದ ಇದೆ. ಸೀಲಿಯಾಕ್ ಇರುವವರ ಸಣ್ಣ ಕರುಳಿನ ಒಳಪದರಕ್ಕೆ ಚಿಟಿಕೆಯಷ್ಟು ಗ್ಲುಟೆನ್ ಕೂಡ ಹಾನಿ ಮಾಡಬಲ್ಲದು, ಹೊಟ್ಟೆನೋವು ಕಾಣಿಸಿಕೊಳ್ಳಲೇಬೇಕೆಂದಿಲ್ಲ. ಬಿಡಿಯಾಗಿ ತೂಗಿ ಕೊಡುವ ಹಿಟ್ಟನ್ನು ತರಬೇಡಿ. ಕಾಳು ತಂದು ಊರ ಗಿರಣಿಯಲ್ಲಿ ಬೀಸಿಸುವುದಂತೂ ಬೇಡವೇ ಬೇಡ, ಗೋಧಿ ಬೀಸಿದ ಕಲ್ಲಿನಲ್ಲೇ ಅದೂ ಬೀಸಲ್ಪಡುತ್ತದೆ. ಪೊಟ್ಟಣದ ಮೇಲೆ ‘ಗ್ಲುಟೆನ್ ಫ್ರೀ’ ಎಂದು ಸ್ಪಷ್ಟವಾಗಿ ಮುದ್ರಿಸಿರಬೇಕು. ನಮ್ಮ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮದಂತೆ ಹಾಗೆ ಮಾರುವ ಆಹಾರದ ಒಂದು ಕಿಲೋದಲ್ಲಿ 20 ಮಿಲಿಗ್ರಾಂಗಿಂತ ಹೆಚ್ಚು ಗ್ಲುಟೆನ್ ಇರಕೂಡದು. ಕೋಕೋ ಪುಡಿಯ ಬದಲು ಹಾಲಿಗೆ ಬೆರೆಸುವ ಚಾಕೊಲೇಟ್ ಪೇಯದ ಪುಡಿಯನ್ನು ಬಳಸಬೇಡಿ. ಅಂಥವುಗಳಲ್ಲಿ ಹಲವಕ್ಕೆ ಮಾಲ್ಟ್ ಸೇರಿಸಿರುತ್ತಾರೆ, ಮಾಲ್ಟ್ ಬರುವುದು ಸಾಮಾನ್ಯವಾಗಿ ಬಾರ್ಲಿಯಿಂದ, ಬಾರ್ಲಿಯಲ್ಲೂ ಗ್ಲುಟೆನ್ ಇದೆ. ಕೇಕಿನ ಮಾತಲ್ಲದಿದ್ದರೂ ಒಂದು ಎಚ್ಚರಿಕೆ: ಅಂಗಡಿಯ ಡಬ್ಬಿ ಇಂಗಿನಲ್ಲಿ ಬಹಳಷ್ಟು ಸಲ ಗೋಧಿ ಹಿಟ್ಟು ಅಥವಾ ಮೈದಾ ಬೆರೆತಿರುತ್ತದೆ, ಅದರ ಚೀಟಿಯನ್ನೂ ಓದಿ.

ನಿಮ್ಮ ಹಳೆಯ ಜರಡಿಯನ್ನು ಒಮ್ಮೆ ಕಿಟಕಿಯ ಬೆಳಕಿಗೆ ಹಿಡಿದು ನೋಡಿ. ಎಷ್ಟು ತೊಳೆದಿದ್ದರೂ ಬಲೆ ಮತ್ತು ಬಳೆ ಕೂಡುವ ಸಂದಿಯಲ್ಲಿ ಮೈದಾ ಗಟ್ಟಿಯಾಗಿ ಬೆಳ್ಳಗೆ ಕೂತಿರುತ್ತದೆ. ಮಗಳಿಗೆಂದೇ ಬೇರೆ ಜರಡಿ, ಬೇರೆ ಮರದ ಸೌಟು ಇಟ್ಟುಕೊಳ್ಳಿ, ಕೇಕ್ ಪಾತ್ರೆಗೆ ಮೈದಾ ಉದುರಿಸುವ ಬದಲು ಎಣ್ಣೆ ಸವರಿ ಕೋಕೋ ಪುಡಿ ಉದುರಿಸಿ.

ಇನ್ನು ಅಳತೆ. ಕಪ್ಪಿನಲ್ಲಿ ಅಳೆಯದೆ ತಕ್ಕಡಿಯಲ್ಲಿ ತೂಗಿ: ಕುಟ್ಟು ಹಿಟ್ಟು 100 ಗ್ರಾಂ, ಕೂವೆ (ಆರಾರೂಟ್) ಹಿಟ್ಟು 50 ಗ್ರಾಂ, ಸಕ್ಕರೆ ಸೇರಿಸದ ಕೋಕೋ ಪುಡಿ 30 ಗ್ರಾಂ, ಸಕ್ಕರೆ 150 ಗ್ರಾಂ, ಹೆಚ್ಚು ಹುಳಿಯಿಲ್ಲದ ಮೊಸರು 200 ಗ್ರಾಂ, ಎಣ್ಣೆ 75 ಮಿ.ಲೀ., ಕುದಿಯುವ ನೀರು 150 ಮಿ.ಲೀ., ಇಸಬ್‌ಗೋಲ್ 5 ಗ್ರಾಂ, ಬೇಕಿಂಗ್ ಪೌಡರ್ ಒಂದೂವರೆ ಟೀ ಚಮಚ, ಅಡುಗೆ ಸೋಡಾ ಅರ್ಧ ಟೀ ಚಮಚ, ಒಂದು ಚಿಟಿಕೆ ಉಪ್ಪು. ಔಷಧಿ ಅಂಗಡಿಯಲ್ಲಿ ಸಿಗುವ, ಬಣ್ಣ ರುಚಿ ಬೆರೆಸದ ಇಸಬ್‌ಗೋಲ್ ಹೊಟ್ಟೇ ಇಲ್ಲಿ ಮುಖ್ಯ ಸಾಮಗ್ರಿ. ನೀರು ಹೀರಿ ಲೋಳೆಯಾಗುವ ಅದು ಗ್ಲುಟೆನ್ನೂ ಮೊಟ್ಟೆಯೂ ಮಾಡುವ ಬಂಧನದ ಕೆಲಸವನ್ನು ತಕ್ಕಮಟ್ಟಿಗೆ ಮಾಡುತ್ತದೆ. ಕೂವೆ ಹಿಟ್ಟು ಕೇಕಿನ ಒಳಮೈಯನ್ನು ಮೃದುವಾಗಿಸುತ್ತದೆ, ಕುಟ್ಟಿನ ಒಗರನ್ನೂ ತಗ್ಗಿಸುತ್ತದೆ. ನಿಮ್ಮ ಕಡೆಯ ತೋಟದ ಮನೆಗಳಲ್ಲಿ ಗಡ್ಡೆ ಅರೆದು ತೆಗೆದ ಹಿಟ್ಟು ಸಿಕ್ಕರೆ ಪೇಟೆಯದಕ್ಕಿಂತ ಅದನ್ನೇ ನಾನು ಆರಿಸುತ್ತೇನೆ, ಗಿರಣಿಯ ಭಯವಿರುವುದಿಲ್ಲ.

ಕೋಕೋ ಪುಡಿಗೆ ಕುದಿಯುವ ನೀರು ಹೊಯ್ದು ಗಂಟಿಲ್ಲದಂತೆ ಕದಡಿ. ಬಿಸಿನೀರಿಗೆ ಕೋಕೋದ ಪರಿಮಳ ಬಿಟ್ಟುಕೊಳ್ಳುತ್ತದೆ. ಉಗುರುಬೆಚ್ಚಗಾದ ಮೇಲೆ ಸಕ್ಕರೆ, ಉಪ್ಪು, ಎಣ್ಣೆ, ಮೊಸರು, ಇಸಬ್‌ಗೋಲ್, ಕುಟ್ಟು ಹಿಟ್ಟು ಸೇರಿಸಿ ಕಲಸಿ 20 ನಿಮಿಷ ಮುಚ್ಚಿಡಿ. ಈ ಬಿಡುವನ್ನು ತಪ್ಪಿಸಬೇಡಿ. ಕುಟ್ಟು ಹಿಟ್ಟು ನಿಧಾನವಾಗಿ ನೀರು ಕುಡಿಯುತ್ತದೆ, ನೆನೆಯದ ಹಿಟ್ಟೇ ಬೆಂದಾಗ ಮರಳಿನಂತೆ ನಾಲಗೆಗೆ ತಾಗುತ್ತದೆ. ಸೋಡಾ ಮತ್ತು ಬೇಕಿಂಗ್ ಪೌಡರನ್ನು ಮಾತ್ರ ಕೂವೆ ಹಿಟ್ಟಿನೊಂದಿಗೆ ಜರಡಿಯಾಡಿ ಬದಿಗಿಟ್ಟುಕೊಂಡು, ಒಲೆ ಬಿಸಿಯಾದ ಮೇಲೆ ಕೊನೆಯಲ್ಲಿ ಬೆರೆಸಿ, ಏಕೆಂದರೆ ಮೊದಲೇ ಹಾಕಿದರೆ ಅನಿಲವೆಲ್ಲ ನೆನೆಯುವ ಹೊತ್ತಿನಲ್ಲೇ ಹೋಗಿಬಿಡುತ್ತದೆ. ಆಗ ಹಿಟ್ಟು ಇಡ್ಲಿ ಹಿಟ್ಟಿನ ಹದದಲ್ಲಿರಬೇಕು. 7 ಇಂಚಿನ ಪಾತ್ರೆಯಲ್ಲಿ ಅರ್ಧಕ್ಕಿಂತ ಹೆಚ್ಚು ತುಂಬದಂತೆ ಹೊಯ್ದು, 170 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಮಾರು 45 ನಿಮಿಷ ಬೇಯಿಸಿ, ಮೊದಲ ಅರ್ಧ ಗಂಟೆ ಬಾಗಿಲು ತೆರೆಯಬೇಡಿ. ಮೊಟ್ಟೆಯಿಲ್ಲದೆ ಎತ್ತರದ ಕೇಕ್ ಬೇಕೆಂದು ಹಟ ಹಿಡಿಯುವುದು ವ್ಯರ್ಥ. ತಗ್ಗಾದ ಎರಡು ಕೇಕ್ ಮಾಡಿ ಒಂದರ ಮೇಲೊಂದಿಡುವುದು ಮೇಲು.

ಬಿಸಿಯಿರುವಾಗ ಕತ್ತರಿಸಿದರೆ ಒಳ್ಳೆಯ ಕೇಕೂ ಪುಡಿಯಾಗುತ್ತದೆ. ಗ್ಲುಟೆನ್ ಇಲ್ಲದ ಕೇಕನ್ನು ಹಿಡಿದಿಡುವುದು ಬಹುಮಟ್ಟಿಗೆ ಪಿಷ್ಟ, ಅದು ಗಟ್ಟಿಯಾಗುವುದು ತಣಿದಾಗ. ಹಿಂದಿನ ಸಂಜೆಯೇ ಮಾಡಿ ಮುಚ್ಚಿಟ್ಟು ಮರುದಿನ ಕತ್ತರಿಸಿ. ತೆಂಗಿನೆಣ್ಣೆ ಸುಮಾರು 24 ಡಿಗ್ರಿಯ ಕೆಳಗೆ ಹೆಪ್ಪುಗಟ್ಟುವುದರಿಂದ ಶಿರಸಿಯ ಚಳಿಗಾಲದ ಬೆಳಿಗ್ಗೆ ಕೇಕ್ ಬಿರುಸಾಗುತ್ತದೆ. ಆ ತಿಂಗಳುಗಳಲ್ಲಿ ಸೂರ್ಯಕಾಂತಿ ಎಣ್ಣೆ ಬಳಸಿ. ಅರ್ಧ ಸಕ್ಕರೆಯ ಬದಲು 90 ಗ್ರಾಂ ಜೋನಿ ಬೆಲ್ಲ, ಅಂದರೆ ನೀರಾದ ಬೆಲ್ಲ ಹಾಕಿ ನೀರನ್ನು 20 ಮಿ.ಲೀ. ಇಳಿಸಿದರೆ, ಕೋಕೋ ಮತ್ತು ಕುಟ್ಟಿನ ಜೊತೆ ಆ ಬೆಲ್ಲದ ರುಚಿ ಬಲು ಚೆನ್ನಾಗಿ ಕೂಡುತ್ತದೆ. ಕುಟ್ಟು ಕೆಲವರಿಗೆ ಅಲರ್ಜಿ ಉಂಟುಮಾಡುವುದುಂಟು, ಆದ್ದರಿಂದ ಮೊದಲ ಸಲ ತಿನ್ನುವ ನೆಂಟರ ಮಕ್ಕಳಿಗೆ ಸಣ್ಣ ತುಂಡು ಸಾಕು.

ಪ್ರಶ್ನೆ: ಕುಟ್ಟು ಹಿಟ್ಟು ಮಳೆಗಾಲದಲ್ಲಿ ಒಂದೇ ತಿಂಗಳಿಗೆ ಕಮಟು ವಾಸನೆ ಹೊಡೆಯಿತು. ಬಿಸಿಲಿಗೆ ಹಾಕಿ ಬಳಸಬಹುದೇ? ಹಿಟ್ಟು ನಾವೇ ಕೊಟ್ಟು ಬೇಕರಿಯಲ್ಲಿ ಕೇಕ್ ಮಾಡಿಸಬಹುದೇ?
– ಓದುಗರು, ಕಾರವಾರ

ಉತ್ತರ: ಎರಡೂ ಬೇಡ. ಕುಟ್ಟು ಹಿಟ್ಟಿನಲ್ಲಿರುವ ಎಣ್ಣೆಯಂಶ ಕರಾವಳಿಯ ಸೆಕೆ ಮತ್ತು ತೇವಕ್ಕೆ ಬೇಗ ಕೆಡುತ್ತದೆ, ಬಿಸಿಲಿಗೆ ಹಾಕಿದರೆ ತೇವ ಆರಬಹುದೇ ಹೊರತು ಕಮಟು ಹೋಗುವುದಿಲ್ಲ. ನವರಾತ್ರಿ ಉಪವಾಸದಲ್ಲಿ ಹಳೆಯ ಕುಟ್ಟು ಹಿಟ್ಟು ತಿಂದು ಜನ ಅಸ್ವಸ್ಥರಾದ ವರದಿಗಳು ಉತ್ತರ ಭಾರತದಿಂದ ಬರುತ್ತಿರುತ್ತವೆ. ಇದ್ದದ್ದನ್ನು ಚೆಲ್ಲಿ, ಇನ್ನು ಮುಂದೆ ಅರ್ಧ ಕಿಲೋ ಮಾತ್ರ ತಂದು ಗಾಳಿಯಾಡದ ಡಬ್ಬಿಯಲ್ಲಿ ಫ್ರಿಜ್ಜಿನಲ್ಲಿಡಿ. ಬೇಕರಿಯಲ್ಲಿ ಮೈದಾದ ಧೂಳು ಗಾಳಿಯಲ್ಲೇ ಇರುತ್ತದೆ, ತಟ್ಟೆ, ಒಲೆ, ಕಲಸುವ ಯಂತ್ರ ಎಲ್ಲವೂ ಅದರಲ್ಲೇ ಪಳಗಿದವು. ಹಿಟ್ಟು ನಿಮ್ಮದಾದರೂ ಸೀಲಿಯಾಕ್ ಇರುವವರಿಗೆ ಆ ಕೇಕ್ ಕೊಡುವಂತಿಲ್ಲ. ಓವನ್ ಇಲ್ಲದಿದ್ದರೆ ದಪ್ಪ ತಳದ ಕುಕ್ಕರಿನಲ್ಲಿ ಉಪ್ಪು ಹರವಿ, ಗ್ಯಾಸ್ಕೆಟ್ಟು ಮತ್ತು ಸೀಟಿ ತೆಗೆದು, ಸಣ್ಣ ಉರಿಯಲ್ಲಿ ಮನೆಯಲ್ಲೇ ಬೇಯಿಸಿ. ಮೇಲಿನ ಅಳತೆಗೆ ಸುಮಾರು ಒಂದು ಗಂಟೆ ಹಿಡಿಯುತ್ತದೆ, ಕಡ್ಡಿ ಚುಚ್ಚಿ ನೋಡಿ ಇಳಿಸಿ.