ಇಸ್ಲಾಮಿಕ್ ಧಾರ್ಮಿಕ ತರಗತಿಯಲ್ಲಿ ಡಿಜಿಟಲ್ ನೀತಿ ಕಲಿಸುವುದು ಹೇಗೆ?

ಹೊಸ ಪಠ್ಯವೇನೂ ಬೇಕಿಲ್ಲ. ಕುರ್‌ಆನಿನ 49ನೇ ಅಧ್ಯಾಯ ಅಲ್-ಹುಜುರಾತ್‌ನಿಂದಲೇ ಶುರು ಮಾಡಬಹುದು. ನಂಬಲರ್ಹನಲ್ಲದವನು ಸುದ್ದಿ ತಂದರೆ ಮೊದಲು ಪರಿಶೀಲಿಸಿ ಎನ್ನುತ್ತದೆ ಅದರ 6ನೇ ವಚನ. ವಾಟ್ಸಾಪ್ ಫಾರ್ವರ್ಡ್‌ಗೆ ಇದಕ್ಕಿಂತ ನೇರವಾದ ಪಾಠ ಸಿಗಲಿಕ್ಕಿಲ್ಲ! ಮಕ್ಕಳಿಗೆ ಒಂದು ಸಂದೇಶ ಕೊಟ್ಟು, ಬರೆದವರು ಯಾರು, ಯಾವಾಗಿನದು, ಯಾರ ಮೂಲಕ ಬಂತು ಎಂದು ಹುಡುಕಿಸಿ. ಹದೀಸ್ (ಪ್ರವಾದಿಯವರ ನಡೆನುಡಿಗಳ ವರದಿ) ವಿದ್ವಾಂಸರು ಇಸ್ನಾದನ್ನು, ಅಂದರೆ ವರದಿಗಾರರ ಸರಪಳಿಯನ್ನು, ಒರೆಗೆ ಹಚ್ಚುತ್ತಿದ್ದುದೂ ಹೆಚ್ಚುಕಡಿಮೆ ಹೀಗೆಯೇ. ಈ ಹೋಲಿಕೆ ಮಕ್ಕಳಿಗೆ ಬೇಗ ಅರ್ಥವಾಗುತ್ತದೆ.

ಅದೇ ಅಧ್ಯಾಯದ 12ನೇ ವಚನ ಇತರರ ಗುಟ್ಟು ಕೆದಕುವುದನ್ನೂ ಪರನಿಂದೆಯನ್ನೂ ತಡೆಯುತ್ತದೆ. ಇನ್ನೊಬ್ಬರ ಫೋನ್ ಇಣುಕುವುದು, ಸ್ಕ್ರೀನ್‌ಶಾಟ್ ಹರಿಬಿಟ್ಟು ಆಡಿಕೊಳ್ಳುವುದು ಅಲ್ಲಿಗೇ ಬಂತು.

ಬರೀ ಹರಾಮ್‌ಗಳ, ಅಂದರೆ ನಿಷಿದ್ಧ ಸಂಗತಿಗಳ, ಪಟ್ಟಿ ಓದಿಸಬೇಡಿ. ಫೋನನ್ನೇ ಬೈಯುವ ಉಸ್ತಾದರ ಬಳಿ ಯಾವ ಮಗುವೂ ತನ್ನ ಆನ್‌ಲೈನ್ ತೊಂದರೆ ಹೇಳಿಕೊಳ್ಳುವುದಿಲ್ಲ.