22/7 ಭಾಗಲಬ್ಧ, ಪೈ ಅಲ್ಲ. ಯಾಕೆ?

ಪ್ರಶ್ನೆ: ನನ್ನ ಮಗಳು 9ನೇ ತರಗತಿ. ಲೆಕ್ಕದಲ್ಲಿ ಪೈ ಬೆಲೆ 22/7 ಎಂದು ಹಾಕುತ್ತಾಳೆ. ಆದರೆ ಪೈ ಅಭಾಗಲಬ್ಧ ಸಂಖ್ಯೆ ಅಂತಲೂ ಪುಸ್ತಕದಲ್ಲಿದೆ. ಯಾವುದು ಸರಿ? ಭಾಗಲಬ್ಧ ಸಂಖ್ಯೆಯನ್ನು ಗುರುತಿಸುವುದು ಹೇಗೆ?

ಉತ್ತರ: ನಿಮ್ಮ ಅನುಮಾನ ನ್ಯಾಯವಾದದ್ದೇ. 22/7 ಅಂದರೆ 3.1428..., ಪೈ ಅಂದರೆ 3.1415... ಮೂರನೇ ದಶಮಾಂಶ ಸ್ಥಾನದಲ್ಲೇ ದಾರಿ ಬೇರೆಯಾಯಿತು, ಅಲ್ವಾ? 22/7 ಬರೀ ಹತ್ತಿರದ ಬೆಲೆ. ಆರ್ಯಭಟ ಕ್ರಿ.ಶ. 499ರಲ್ಲಿ 62832/20000 ಕೊಟ್ಟಾಗಲೂ ಅದು ಹತ್ತಿರದ್ದು ಎಂದೇ ಹೇಳಿದ್ದ. ಯಾವ ಭಿನ್ನರಾಶಿಯೂ ಪೈಗೆ ಸಮವಾಗದು ಎಂದು 1760ರ ದಶಕದಲ್ಲಿ ಸಾಧಿಸಿ ತೋರಿಸಿದ್ದು ಗಣಿತಜ್ಞ ಲ್ಯಾಂಬರ್ಟ್. ಮಕ್ಕಳಿಗೆ ‘ಪೈ = 22/7’ ಎಂದು ಸುಮ್ನೆ ಬರೆಸುವುದು ನನಗೆ ಸರಿ ಕಾಣುವುದಿಲ್ಲ. ‘ಸುಮಾರು’ ಎಂದು ಸೇರಿಸಿದರೆ ಈ ಗೊಂದಲವೇ ಇರುವುದಿಲ್ಲ.

ಒಂದು ಪೂರ್ಣಾಂಕವನ್ನು ಸೊನ್ನೆಯಲ್ಲದ ಇನ್ನೊಂದು ಪೂರ್ಣಾಂಕದಿಂದ ಭಾಗಿಸಿದ ರೂಪದಲ್ಲಿ ಬರೆಯಲು ಬಂದರೆ ಅದು ಭಾಗಲಬ್ಧ, ಬಾರದಿದ್ದರೆ ಅಭಾಗಲಬ್ಧ. ಹಾಗಾಗಿ 5, -3, 0, 0.35 ಎಲ್ಲವೂ ಭಾಗಲಬ್ಧವೇ.

22ನ್ನು 7ರಿಂದ ಕೈಯಲ್ಲೇ ಭಾಗಿಸಿ ನೋಡಿ. ಶೇಷ 1, 3, 2, 6, 4, 5 ಬಂದು ಮತ್ತೆ 1 ಬರುತ್ತದೆ. 7ರಿಂದ ಭಾಗಿಸುವಾಗ ಸೊನ್ನೆ ಬಿಟ್ಟರೆ ಶೇಷ ಬರಲು ಇರುವುದೇ ಆರು ಸಂಖ್ಯೆ. ಬಂದ ಶೇಷವೇ ತಿರುಗಿ ಬಂದ ಮೇಲೆ ಉತ್ತರವೂ ತಿರುಗಿ ಬರಲೇಬೇಕು: 142857, 142857... ಯಾವ ಭಿನ್ನರಾಶಿಯಾದರೂ ಅಷ್ಟೇ. ದಶಮಾಂಶ ಒಂದೋ ಮುಗಿಯುತ್ತದೆ, ಇಲ್ಲವೇ ಒಂದು ಗುಂಪು ಮರುಕಳಿಸುತ್ತದೆ. ಸಂಕ್ಷೇಪಿಸಿದ ಮೇಲೆ ಛೇದದಲ್ಲಿ 2 ಮತ್ತು 5 ಬಿಟ್ಟು ಬೇರೆ ಅವಿಭಾಜ್ಯ ಅಪವರ್ತನ ಇಲ್ಲದಿದ್ದರೆ ಮುಗಿಯುತ್ತದೆ.

ತಿರುಗುಮುರುಗಾಗಿಯೂ ಇದು ನಿಜ. 0.2727... ಇದ್ದರೆ 100ರಿಂದ ಗುಣಿಸಿ ಮೊದಲಿನದನ್ನು ಕಳೆಯಿರಿ. ಆ ಸಂಖ್ಯೆಯ 99 ಪಟ್ಟು 27 ಆಯಿತು, ಅಂದರೆ ಸಂಖ್ಯೆ 3/11. ಆದರೆ 0.1010010001... ನೋಡಿ. ಕ್ರಮ ಇದೆ, ಮರುಕಳಿಸುವ ಗುಂಪಿಲ್ಲ. ಅದು ಅಭಾಗಲಬ್ಧ.

ಕ್ಯಾಲ್ಕುಲೇಟರ್ ನೋಡಿ ತೀರ್ಮಾನಿಸಬೇಡಿ. 1/17ರಲ್ಲಿ ಮರುಕಳಿಸುವ ಗುಂಪಿಗೆ 16 ಅಂಕಿ. ಸಣ್ಣ ಪರದೆಯಲ್ಲಿ ಅದು ಕಾಣುವುದೇ ಇಲ್ಲ. √2 ಅಲ್ಲಿ ಮುಗಿದಂತೆ ಕಂಡರೆ, ಮುಗಿದದ್ದು ಪರದೆ ಮಾತ್ರ. ಸಂಖ್ಯೆ ಎಲ್ಲಿಂದ ಬಂತು ಎಂದು ನೋಡಬೇಕು.

ವರ್ಗಮೂಲದಲ್ಲಿ ಮಕ್ಕಳು ಜಾಸ್ತಿ ಎಡವುತ್ತಾರೆ. √49 ಅಂದರೆ 7, ಭಾಗಲಬ್ಧ, √50 ಅಲ್ಲ. ಮಗಳಿಗೆ √0.09 ಮತ್ತು √0.9 ಕೊಟ್ಟು ನೋಡಿ. ಮೊದಲನೆಯದು 0.3. ಎರಡನೆಯದು 9/10ರ ವರ್ಗಮೂಲ. 9/10 ಇನ್ನು ಸಂಕ್ಷೇಪವಾಗದು, ಅದರ ಛೇದ 10 ಪೂರ್ಣ ವರ್ಗವೂ ಅಲ್ಲ. ಹಾಗಾಗಿ ಅಭಾಗಲಬ್ಧ.